ಗಾಳಿ ಹಿಡಿಯುವುದು, ಗಾಳಿ ಎಳೆಯುವುದು: ಪವರ್ ಸ್ಟಿಯರಿಂಗಿನ ಒಂದು ದೋಷದ ವಿಚಾರ

೧

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳು ಸಹ್ಯಾದ್ರಿಯ ಪಡುವಣ ಮಗ್ಗುಲಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಕುಮಾರಧಾರೆಯು ಸುಬ್ರಹ್ಮಣ್ಯದ ಮೇಲಣ ಬೆಟ್ಟಗಳಿಂದ ಇಳಿದು ಕಡಬದ ಸೀಮೆಯನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪಯಸ್ವಿನಿಯು ಕೊಡಗಿನ ಬೆಟ್ಟಗಳಿಂದ ಬಂದು ಸುಳ್ಯವನ್ನು ದಾಟಿ, ಕಾಸರಗೋಡಿನ ಕಡೆಗೆ ಹರಿದು, ಚಂದ್ರಗಿರಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತದೆ. ವರ್ಷಕ್ಕೆ ೩೦೦೦ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನೆಲವಾದರೂ, ಮಳೆಗಾಲವು ಕಳೆದು ಬೇಸಗೆ ಬಂದಿತೆಂದರೆ ಇಲ್ಲಿಯ ಅಡಕೆಯ ತೋಟಗಳಿಗೆ ನೀರುಣಿಸದೆ ವಿಧಿಯಿಲ್ಲ. ತೋಟವು ಕಣಿವೆಯ ತಳದಲ್ಲಿ, ಮನೆಯು ಗುಡ್ಡದ ಓರೆಯಲ್ಲಿ, ರಸ್ತೆಯು ಅದರ ನೆತ್ತಿಯಲ್ಲಿ ಇರುವುದು ಇಲ್ಲಿ ಸಾಮಾನ್ಯ. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಗೆ ಹತ್ತುವ ಹೆದ್ದಾರಿಯೂ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯಗಳ ಮೂಲಕ ಶಿರಾಡಿ ಘಟ್ಟವನ್ನು ಏರುವ ಹೆದ್ದಾರಿಯೂ, ಸುಬ್ರಹ್ಮಣ್ಯದಿಂದ ಬಿಸಿಲೆಯ ಮೇಲೆ ಹೋಗುವ ದಾರಿಯೂ ತಿರುವುಗಳಿಂದಲೇ ತುಂಬಿವೆ.

ಇಂಥ ನೆಲದಲ್ಲಿ ಜನಜೀವನವು ಎರಡು ಯಂತ್ರಗಳನ್ನು ಬಹುವಾಗಿ ಅವಲಂಬಿಸಿದೆ. ಒಂದು, ಹೊಳೆ ಕೆರೆ ಬಾವಿಗಳಿಂದ ತೋಟಕ್ಕೆ ನೀರೆತ್ತುವ ಪಂಪು. ಇನ್ನೊಂದು, ಘಟ್ಟವನ್ನು ಹತ್ತಿ ಇಳಿಯುವ ಬಸ್ಸು, ಲಾರಿ, ಜೀಪುಗಳು. ಇವೆರಡಕ್ಕೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರುವುದು ಸಹಜವೇ. ಆದರೆ ವಾಹನದ ಚಕ್ರವನ್ನು ತಿರುಗಿಸಲು ಚಾಲಕನಿಗೆ ನೆರವಾಗುವ ಪವರ್ ಸ್ಟಿಯರಿಂಗ್ ಎಂಬ ಸಾಧನವೂ ಒಂದು ಪಂಪಿನಿಂದಲೇ ನಡೆಯತಕ್ಕದ್ದು. ನೀರಿನ ಬದಲು ಅಲ್ಲಿ ಎಣ್ಣೆಯಿರುತ್ತದೆ, ಅಷ್ಟೆ. ಎರಡರಲ್ಲಿಯೂ ಅತಿ ಸಾಮಾನ್ಯವಾದ ದೋಷವು ಒಂದೇ: ದ್ರವವಿರಬೇಕಾದ ಸ್ಥಳದಲ್ಲಿ ಗಾಳಿಯು ಸೇರಿಕೊಳ್ಳುವುದು. ಈ ದೋಷದ ಕಾರಣವನ್ನು ತಪ್ಪಾಗಿ ತಿಳಿಯುವುದರಿಂದ ನೆಟ್ಟಗಿರುವ ಪಂಪನ್ನು ಬಿಚ್ಚಿ ಎಸೆದು ಹೊಸದನ್ನು ಕೊಳ್ಳುವ ವ್ಯರ್ಥವೆಚ್ಚವು ಉಂಟಾಗುತ್ತದೆ. ಘಟ್ಟದ ತಿರುವಿನ ನಡುವೆ ಸ್ಟಿಯರಿಂಗ್ ಥಟ್ಟನೆ ಬಿಗಿದುಕೊಂಡರೆ ವೆಚ್ಚಕ್ಕಿಂತ ದೊಡ್ಡದಾದ ಕೇಡು ಸಂಭವಿಸಬಹುದು. ಆದುದರಿಂದ ದೋಷದ ಮೂಲವು ಎಲ್ಲಿ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

೨

ಮೊದಲು ತೋಟದ ಪಂಪನ್ನು ನೋಡಬಹುದು. ಪಂಪು ನೀರನ್ನು ‘ಎಳೆಯುತ್ತದೆ’ ಎಂದು ಲೋಕದಲ್ಲಿ ಹೇಳುವುದುಂಟು. ಸೂಕ್ಷ್ಮವಾಗಿ ನೋಡಿದರೆ ಈ ಮಾತು ಸರಿಯಲ್ಲ. ಹಗ್ಗವನ್ನು ಎಳೆಯಬಹುದು, ನೀರಿಗೆ ಹಿಡಿದೆಳೆಯುವ ತುದಿಯಿಲ್ಲ. ಪಂಪಿನ ಒಳಗಣ ಚಕ್ರವು ತನ್ನಲ್ಲಿರುವ ನೀರನ್ನು ಹೊರಕ್ಕೆ ಎಸೆದಾಗ ಅದರ ನಡುವೆ ಒತ್ತಡವು ಕುಗ್ಗುತ್ತದೆ. ಕೆರೆಯ ನೀರಿನ ಮೇಲೆ ವಾಯುಮಂಡಲದ ಭಾರವು ಎಂದಿನಂತೆ ಕೂತಿರುವುದರಿಂದ, ಆ ಭಾರವೇ ನೀರನ್ನು ಕೊಳವೆಯೊಳಕ್ಕೆ ದೂಡಿ ಮೇಲಕ್ಕೆ ಏರಿಸುತ್ತದೆ. ಹೀರುವ ಪಂಪು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ನೀರನ್ನು ಏರಿಸಲಾರದೆಂಬ ಸಂಗತಿಯನ್ನು ಗೆಲಿಲಿಯೋ ೧೬೩೮ರ ತನ್ನ ಗ್ರಂಥದಲ್ಲಿ ಎತ್ತಿದ್ದನು. ಅದಕ್ಕೆ ಕಾರಣವು ವಾಯುವಿನ ಭಾರವೆಂಬುದನ್ನು ಅವನ ಶಿಷ್ಯ ಟಾರಿಚೆಲ್ಲಿಯು ಪಾದರಸದ ಪ್ರಯೋಗದಿಂದ ಕಂಡು ೧೬೪೪ರಲ್ಲಿ ಪತ್ರಮುಖೇನ ವಿವರಿಸಿದನು. ಸಮುದ್ರಮಟ್ಟದಲ್ಲಿ ಈ ಎತ್ತರವು ಸುಮಾರು ೧೦.೩ ಮೀಟರು. ಕೊಳವೆಯ ತಿಕ್ಕಾಟ ಮುಂತಾದ ನಷ್ಟಗಳನ್ನು ಕಳೆದು ವ್ಯವಹಾರದಲ್ಲಿ ಆರೇಳು ಮೀಟರನ್ನು ಮಾತ್ರ ನಂಬಬಹುದು. ಬಾವಿಯು ಇದಕ್ಕಿಂತ ಆಳವಾಗಿದ್ದರೆ ಪಂಪನ್ನೇ ಬಾವಿಯೊಳಗೆ ಇಳಿಸಿ ಕಟ್ಟೆಯ ಮೇಲೆ ಕೂರಿಸುವುದಕ್ಕೆ ಇದೇ ಕಾರಣ.

ಇದರಿಂದ ಒಂದು ಮುಖ್ಯವಾದ ಸಂಗತಿಯು ಹೊರಡುತ್ತದೆ. ಪಂಪಿನ ಎರಡು ಕಡೆಯ ಕೊಳವೆಗಳ ಸ್ವಭಾವವು ಪರಸ್ಪರ ವಿರುದ್ಧವಾದದ್ದು. ಮೇಲಕ್ಕೆ ದೂಡುವ ಕೊಳವೆಯಲ್ಲಿ ಒತ್ತಡವು ಹೊರಗಿನ ಗಾಳಿಗಿಂತ ಹೆಚ್ಚು. ಅಲ್ಲಿ ಸೂಜಿಯ ಮೊನೆಯಷ್ಟು ತೂತಾದರೂ ನೀರು ಚಿಮ್ಮಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಹೀರುವ ಕೊಳವೆಯಲ್ಲಿ ಒತ್ತಡವು ಹೊರಗಿನ ಗಾಳಿಗಿಂತ ಕಡಮೆ. ಅಲ್ಲಿಯ ತೂತಿನಿಂದ ಒಂದು ಹನಿಯೂ ಹೊರಬೀಳದು, ಹೊರಗಿನ ಗಾಳಿಯೇ ಒಳಕ್ಕೆ ಹೋಗುತ್ತದೆ. ಕಣ್ಣಿಗೆ ಕಾಣುವ ಸೋರಿಕೆಯು ಪಂಪಿನ ಕೆಲಸವನ್ನು ಸ್ವಲ್ಪ ಕಡಮೆಮಾಡುವುದು. ಕಣ್ಣಿಗೆ ಕಾಣದ ಸೋರಿಕೆಯು ಕೆಲಸವನ್ನೇ ನಿಲ್ಲಿಸಿಬಿಡುವುದು. ಗಾಳಿಯು ನೀರಿಗಿಂತ ಸುಮಾರು ೮೦೦ ಪಾಲು ಹಗುರವಾದುದರಿಂದ, ಅದೇ ವೇಗದಿಂದ ತಿರುಗುವ ಚಕ್ರವು ಗಾಳಿಯನ್ನು ಎಸೆದು ಹುಟ್ಟಿಸುವ ಒತ್ತಡದ ಭೇದವು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಪಂಪಿಗೆ ಮೊದಲು ನೀರು ತುಂಬಿಸಿಯೇ ನಡೆಯಿಸಬೇಕಾದುದು ಇದರಿಂದಲೇ.

ಹೀರುವ ಕೊಳವೆಯ ಸಂದಿಯಲ್ಲಿ ಗಾಳಿ ಹೋಗುತ್ತಿದೆಯೆಂಬ ಸಂಶಯ ಬಂದಾಗ ಅಲ್ಲಿಗೆ ಹಸಿಸೆಗಣಿಯನ್ನೋ ಜೇಡಿಮಣ್ಣನ್ನೋ ಮೆತ್ತುವುದು ಹಳ್ಳಿಗಾಡಿನ ರೂಢಿ. ಇದನ್ನು ಹಳ್ಳಿಯ ಒರಟು ಉಪಾಯವೆಂದು ನಗುವವರುಂಟು. ವಿಚಾರಮಾಡಿದರೆ ಇದರಲ್ಲಿ ಒಳ್ಳೆಯ ಭೌತಶಾಸ್ತ್ರವಿದೆ. ಹೊರಗಿನ ವಾಯುವೇ ಸೆಗಣಿಯನ್ನು ಸಂದಿಯೊಳಕ್ಕೆ ಒತ್ತಿ ಬಿಗಿಮಾಡುವುದರಿಂದ ಅಂಥ ಮೆತ್ತನೆಯ ವಸ್ತುವೂ ಅಲ್ಲಿ ನಿಲ್ಲುತ್ತದೆ. ಅದನ್ನೇ ದೂಡುವ ಕೊಳವೆಗೆ ಮೆತ್ತಿದರೆ ನೀರಿನ ಒತ್ತಡವು ಕ್ಷಣಾರ್ಧದಲ್ಲಿ ಕಿತ್ತೆಸೆಯುವುದು. ಸೆಗಣಿ ನಿಲ್ಲುವ ಕಡೆ ಹೀರುವ ಕಡೆ; ಸೆಗಣಿ ಹಾರುವ ಕಡೆ ದೂಡುವ ಕಡೆ. ಮೆತ್ತಿದ ಕೂಡಲೆ ನೀರು ಸರಿಯಾಗಿ ಬರತೊಡಗಿದರೆ ದೋಷದ ಸ್ಥಳವು ಗೊತ್ತಾಯಿತೆಂದೇ ಅರ್ಥ. ಅದು ಬರಿಯ ದುರಸ್ತಿಯಲ್ಲ, ಪರೀಕ್ಷೆಯೂ ಹೌದು.

೩

ಗಾಳಿಯ ತೊಂದರೆಯನ್ನು ಕುರಿತು ಪಂಪು ನಡೆಯಿಸುವವರ ಮಾತಿನಲ್ಲಿ ಎರಡು ಪ್ರಯೋಗಗಳುಂಟು: ‘ಗಾಳಿ ಹಿಡಿದಿದೆ’ ಎಂಬುದೊಂದು, ‘ಗಾಳಿ ಎಳೆಯುತ್ತಿದೆ’ ಎಂಬುದಿನ್ನೊಂದು. ಇವೆರಡನ್ನೂ ಒಂದರ ಬದಲು ಒಂದರಂತೆ ಬಳಸುವುದೂ ಉಂಟು. ಆದರೆ ಕ್ರಿಯಾಪದಗಳ ಭೇದವು ದೋಷಗಳ ಭೇದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮೊದಲನೆಯದು ಆಗಿಹೋದ ಸಂಗತಿ: ಹಿಂದೆ ಎಂದೋ ಒಳಗೆ ಸೇರಿದ ಗಾಳಿಯು ಹೊರಬರಲಾರದೆ ಸಿಕ್ಕಿಕೊಂಡಿದೆ. ಎರಡನೆಯದು ನಡೆಯುತ್ತಿರುವ ಸಂಗತಿ: ಗಾಳಿಯು ಈಗಲೂ ಒಳಬರುತ್ತಿದೆ.

ಗುಡ್ಡದ ಮೇಲಣ ತೊರೆಯಿಂದ ಯಾವ ಪಂಪೂ ಇಲ್ಲದೆ ಕೊಳವೆಯ ಮೂಲಕ ಮನೆಗೆ ನೀರು ತರುವ ಏರ್ಪಾಡು ಈ ಮೂರು ತಾಲೂಕುಗಳಲ್ಲಿ ಉಂಟು. ಕೊಳವೆಯು ನೆಲದ ಏರಿಳಿತಗಳನ್ನು ಅನುಸರಿಸಿ ಬರುವುದರಿಂದ ನಡುವೆ ದಿಬ್ಬವಿದ್ದಲ್ಲಿ ಅದೂ ಏರಿ ಇಳಿಯುತ್ತದೆ. ಆ ದಿಬ್ಬದ ನೆತ್ತಿಯಲ್ಲಿ ಗಾಳಿಯು ಕೂಡಿ ನಿಂತು ನೀರಿನ ದಾರಿಯನ್ನು ಕಟ್ಟುತ್ತದೆ. ಇದು ಹಿಡಿದ ಗಾಳಿ. ನೆತ್ತಿಯಲ್ಲಿ ಒಂದು ಸಣ್ಣ ನಳವನ್ನು ಇಟ್ಟು ಅದನ್ನು ತೆರೆದರೆ ಗಾಳಿಯು ಸುಯ್ಯೆಂದು ಹೊರಟು ನೀರು ಮೊದಲಿನಂತೆ ಹರಿಯುತ್ತದೆ. ಆದರೆ ದಿಬ್ಬವು ತೊರೆಯ ನೀರಿನ ಮಟ್ಟಕ್ಕಿಂತಲೂ ಎತ್ತರವಾಗಿದ್ದು ಕೊಳವೆಯು ಸೈಫನ್ನಿನಂತೆ ಕೆಲಸಮಾಡುತ್ತಿದ್ದರೆ ಫಲವು ತಿರುಗುಮುರುಗಾಗುತ್ತದೆ. ಅಲ್ಲಿ ಒಳಗಿನ ಒತ್ತಡವು ಹೊರಗಿನದಕ್ಕಿಂತ ಕಡಮೆಯಾದುದರಿಂದ, ನಳವನ್ನು ತೆರೆದೊಡನೆ ಗಾಳಿಯು ಹೊರಡುವುದರ ಬದಲು ಒಳನುಗ್ಗಿ ಇದ್ದ ಹರಿವೂ ನಿಲ್ಲುವುದು. ಒಂದೇ ನಳ, ಒಂದೇ ಗಾಳಿ. ಒಳಗಿನ ಒತ್ತಡವು ಹೊರಗಿನದಕ್ಕಿಂತ ಹೆಚ್ಚೋ ಕಡಮೆಯೋ ಎಂಬುದೊಂದೇ ಎಲ್ಲವನ್ನೂ ನಿರ್ಣಯಿಸುವುದು.

ಎರಡು ದೋಷಗಳನ್ನು ಬೇರ್ಪಡಿಸುವ ಲಕ್ಷಣವೂ ಇದರಿಂದಲೇ ದೊರೆಯುತ್ತದೆ. ಹಿಡಿದ ಗಾಳಿಯನ್ನು ಒಮ್ಮೆ ತೆಗೆದರೆ ತೊಂದರೆಯು ತೀರುವುದು. ತೆಗೆದ ಮೇಲೂ ನಾಲ್ಕು ದಿನಗಳಲ್ಲಿ ತೊಂದರೆಯು ಮರಳಿದರೆ ಅದು ಎಳೆಯುತ್ತಿರುವ ಗಾಳಿ. ಅದನ್ನು ಎಷ್ಟು ಸಲ ತೆಗೆದರೂ ಫಲವಿಲ್ಲ, ಒಳಬರುವ ಬಾಗಿಲನ್ನು ಹುಡುಕಬೇಕು.

೪

ಈಗ ವಾಹನದ ವಿಷಯ. ಭಾರವಾದ ವಾಹನದ ಮುಂಗಾಲಿಗಳನ್ನು ತಿರುಗಿಸುವುದು, ಅದರಲ್ಲಿಯೂ ಘಟ್ಟದ ತಿರುವಿನಲ್ಲಿ ಮೆಲ್ಲನೆ ಚಲಿಸುವಾಗ, ತೋಳಿಗೆ ಬಹಳ ಶ್ರಮವಾದ ಕೆಲಸ. ವಾಹನದ ವೇಗವು ಕಡಮೆಯಾದಷ್ಟೂ ಟಯರು ನೆಲವನ್ನು ಹೆಚ್ಚಾಗಿ ತಡೆಹಿಡಿಯುತ್ತದೆ. ಈ ಶ್ರಮವನ್ನು ಕಡಮೆಮಾಡಲು ಎಣ್ಣೆಯ ಒತ್ತಡವನ್ನು ಬಳಸುವ ಸಾಧನವನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು ರಚಿಸಿ ೧೯೨೬ರಲ್ಲಿ ಒಂದು ಕಾರಿನಲ್ಲಿ ಅಳವಡಿಸಿ ತೋರಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಸೈನ್ಯದ ಭಾರಿ ವಾಹನಗಳಲ್ಲಿ ಬಳಕೆಗೆ ಬಂದಿತು; ಮಾರಾಟದ ಕಾರಿನಲ್ಲಿ ಮೊದಲು ಬಂದುದು ೧೯೫೧ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಎಂಬ ಕಾರಿನಲ್ಲಿ. ಈಚಿನ ಸಣ್ಣ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಈ ಕೆಲಸವನ್ನು ಮಾಡುವುದುಂಟು. ಬಸ್ಸು ಲಾರಿಗಳಲ್ಲಿಯೂ ಹಳೆಯ ಜೀಪು ಕಾರುಗಳಲ್ಲಿಯೂ ಎಣ್ಣೆಯ ಪದ್ಧತಿಯೇ ಸಾಮಾನ್ಯವಾಗಿದೆ.

ಇದರ ಮೂಲತತ್ತ್ವವು ಪ್ಯಾಸ್ಕಲನದು: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ಕಡೆಗೂ ಕುಂದಿಲ್ಲದೆ ಹರಡುತ್ತದೆ. ಈ ತತ್ತ್ವವನ್ನೊಳಗೊಂಡ ಅವನ ಗ್ರಂಥವು ಅವನ ಮರಣಾನಂತರ ೧೬೬೩ರಲ್ಲಿ ಪ್ರಕಟವಾಯಿತು. ೧೭೯೫ರಲ್ಲಿ ಬ್ರಾಮಾ ಎಂಬ ಆಂಗ್ಲೇಯನು ಇದನ್ನೇ ಅನುಸರಿಸಿ ನೀರಿನ ಒತ್ತುಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು.

ಪವರ್ ಸ್ಟಿಯರಿಂಗಿನ ಅಂಗಗಳು ಬಹಳವಿಲ್ಲ. ಎಣ್ಣೆಯ ಡಬ್ಬಿಯೊಂದು, ಅದರಿಂದ ಪಂಪಿಗೆ ಬರುವ ಹೀರುಕೊಳವೆ, ಎಂಜಿನ್ನಿನಿಂದ ಬೆಲ್ಟಿನ ಮೂಲಕವೋ ಹಲ್ಲುಚಕ್ರಗಳ ಮೂಲಕವೋ ತಿರುಗುವ ಪಂಪು, ಅಲ್ಲಿಂದ ಹೊರಡುವ ಒತ್ತಡದ ಕೊಳವೆ, ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಕಳುಹಿಸುವ ಕವಾಟ, ಆ ಎಣ್ಣೆಯಿಂದ ಸರಿಯುವ ಪಿಸ್ಟನ್, ಕೆಲಸ ಮುಗಿಸಿದ ಎಣ್ಣೆಯನ್ನು ಡಬ್ಬಿಗೆ ಮರಳಿಸುವ ಕೊಳವೆ. ಚಾಲಕನು ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದಾಗ ಅದರ ಕಂಬದಲ್ಲಿರುವ ತೆಳ್ಳಗಿನ ಉಕ್ಕಿನ ಸರಳು ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚಿಗೆ ಅನುಗುಣವಾಗಿ ಕವಾಟವು ತೆರೆದು ಎಣ್ಣೆಯು ಪಿಸ್ಟನಿನ ಒಂದು ಮಗ್ಗುಲಿಗೆ ನುಗ್ಗುತ್ತದೆ. ಕೈ ಸಡಿಲಿಸಿದೊಡನೆ ಸರಳು ನೆಟ್ಟಗಾಗಿ ನೆರವು ನಿಲ್ಲುತ್ತದೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಾಗೆಯೇ ಒತ್ತಿ ಹಿಡಿದಾಗ ಪಿಸ್ಟನ್ ಮುಂದೆ ಸರಿಯಲಾರದು. ಒತ್ತಡವು ಮಿತಿಮೀರದಂತೆ ರಕ್ಷಣೆಯ ಕವಾಟವೊಂದು ತೆರೆದುಕೊಳ್ಳುತ್ತದೆ. ಆಗ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದರಲ್ಲಿಯೇ ವ್ಯಯವಾಗುವುದು. ಇಕ್ಕಟ್ಟಾದ ತೋಟದ ದಾರಿಯಲ್ಲಿ ಜೀಪನ್ನು ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಚಕ್ರವನ್ನು ಕೊನೆಯಲ್ಲಿ ಬಹಳ ಹೊತ್ತು ಒತ್ತಿ ಹಿಡಿಯಬಾರದೆಂಬ ನಿಯಮಕ್ಕೆ ಇದು ಕಾರಣ.

೫

ಎಣ್ಣೆಯಲ್ಲಿ ಗಾಳಿಯು ಸೇರಿದರೆ ಆಗುವುದೇನು? ದ್ರವವನ್ನು ಕುಗ್ಗಿಸುವುದು ಬಹಳ ಕಷ್ಟ. ಗಾಳಿಯನ್ನು ಕುಗ್ಗಿಸುವುದು ಬಹಳ ಸುಲಭ. ವಾಯುಮಂಡಲದ ಒತ್ತಡಕ್ಕೆ ೫೦ ಪಾಲು ಒತ್ತಡವನ್ನು ಹೇರಿದರೆ ೧೦೦ ಘನ ಸೆಂಟಿಮೀಟರು ಎಣ್ಣೆಯು ಸುಮಾರು ಮೂರನೆಯ ಒಂದು ಘನ ಸೆಂಟಿಮೀಟರಿನಷ್ಟು ಮಾತ್ರ ಕುಗ್ಗುವುದು. ಅದರಲ್ಲಿ ೫ ಘನ ಸೆಂಟಿಮೀಟರು ಗಾಳಿಯು ಗುಳ್ಳೆಗಳಾಗಿ ಬೆರೆತಿತ್ತೆಂದು ಇಟ್ಟುಕೊಂಡರೆ, ೧೬೬೨ರಲ್ಲಿ ಬಾಯ್ಲನು ಪ್ರಕಟಿಸಿದ ನಿಯಮದಂತೆ ಆ ಗಾಳಿಯು ಐವತ್ತನೆಯ ಒಂದು ಪಾಲಿಗೆ, ಎಂದರೆ ೦.೧ ಘನ ಸೆಂಟಿಮೀಟರಿಗೆ ಇಳಿಯುವುದು, ಕುಗ್ಗಿದುದು ೪.೯. ಪಿಸ್ಟನನ್ನು ದೂಡಬೇಕಾದ ಎಣ್ಣೆಯು ಗುಳ್ಳೆಗಳು ಬಿಟ್ಟ ಎಡೆಯನ್ನು ತುಂಬುವುದರಲ್ಲಿಯೇ ತೊಡಗುತ್ತದೆ. ಇದರಿಂದ ನೆರವು ತಡವಾಗಿ ಬರುವುದು, ಬಂದಾಗ ಒಮ್ಮೆಲೆ ಬರುವುದು. ಚಾಲಕನ ಕೈಗೆ ಚಕ್ರವು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ, ತಡೆತಡೆದು ತಿರುಗಿದಂತೆ ತೋರುವುದು.

ಗಾಳಿ ಸೇರಿರುವುದಕ್ಕೆ ಇನ್ನೂ ಕೆಲವು ಕುರುಹುಗಳುಂಟು. ಪಂಪು ನರಳುವಂಥ ಧ್ವನಿಯನ್ನು ಮಾಡುತ್ತದೆ. ಎಂಜಿನ್ನಿನ ವೇಗವು ಹೆಚ್ಚಿದಂತೆ ಆ ಧ್ವನಿಯೂ ಹೆಚ್ಚುತ್ತದೆ. ಡಬ್ಬಿಯ ಮುಚ್ಚಳವನ್ನು ತೆಗೆದು ನೋಡಿದರೆ ಎಣ್ಣೆಯು ತಿಳಿಯಾಗಿರದೆ ನೊರೆಗೂಡಿ ಹಾಲಿನಂತೆ ಬಿಳುಪಾಗಿರುತ್ತದೆ. ಎಲ್ಲಕ್ಕಿಂತ ನಿಶ್ಚಿತವಾದ ಕುರುಹು ಮತ್ತೊಂದು: ನಡೆಯುತ್ತಿರುವ ಎಂಜಿನ್ನನ್ನು ನಿಲ್ಲಿಸಿದೊಡನೆ ಡಬ್ಬಿಯಲ್ಲಿ ಎಣ್ಣೆಯ ಮಟ್ಟವು ಎದ್ದು ಕಾಣುವಷ್ಟು ಮೇಲೇರುವುದು. ಒತ್ತಡಕ್ಕೆ ಸಿಕ್ಕಿ ಕುಗ್ಗಿದ್ದ ಗಾಳಿಯು ಒತ್ತಡ ತೀರಿದಾಗ ಹಿಗ್ಗಿ ಎಣ್ಣೆಯನ್ನು ಹೊರದೂಡುವುದೇ ಇದಕ್ಕೆ ಕಾರಣ. ಎಣ್ಣೆಯು ತಾನಾಗಿ ಹಾಗೆ ಹಿಗ್ಗಲಾರದು.

ಸ್ಟಿಯರಿಂಗ್ ಭಾರವಾದ ಮಾತ್ರಕ್ಕೆ ಗಾಳಿಯೇ ಕಾರಣವೆಂದು ಹೇಳಬಾರದು. ಮುಂಗಾಲಿಗಳನ್ನು ಜಾಕಿಯಿಂದ ನೆಲಬಿಟ್ಟು ಎತ್ತಿ, ಎಂಜಿನ್ನನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಆಗಲೂ ಅದು ಎಲ್ಲಿಯಾದರೂ ಕಚ್ಚಿಕೊಂಡು ನಿಂತರೆ ದೋಷವು ಎಣ್ಣೆಯಲ್ಲಿಲ್ಲ. ಗ್ರೀಸು ಕಾಣದೆ ಒಣಗಿದ ಕೀಲುಗಳಲ್ಲಿಯೋ ಕಂಬದ ಸಂದಿಯಲ್ಲಿಯೋ ಇದೆ. ಟಯರಿನಲ್ಲಿ ಗಾಳಿ ಕಡಮೆಯಾದರೂ ಸ್ಟಿಯರಿಂಗ್ ಭಾರವಾಗುವುದರಿಂದ ಅದನ್ನು ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು. ಒಂದು ಕಡೆಗೆ ಹಗುರ, ಇನ್ನೊಂದು ಕಡೆಗೆ ಭಾರವಾದರೆ ಕವಾಟವನ್ನೋ ಪಿಸ್ಟನಿನ ಸೀಲನ್ನೋ ಸಂಶಯಿಸಬೇಕು. ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಕಿರ್ರೆಂದು ಚೀರುವ ಧ್ವನಿ ಬಂದರೆ ಅದು ಜಾರುವ ಬೆಲ್ಟಿನದು. ಮೆಲ್ಲನೆ ತಿರುಗಿಸಿದರೆ ಹಗುರ, ಬೇಗನೆ ತಿರುಗಿಸಿದರೆ ಭಾರ ಎಂದಾದರೆ ಪಂಪಿನಿಂದ ಬರಬೇಕಾದಷ್ಟು ಎಣ್ಣೆಯು ಬರುತ್ತಿಲ್ಲ. ಸಡಿಲವಾದ ಬೆಲ್ಟು, ಸವೆದ ಪಂಪು, ಗಾಳಿ ಸೇರಿದ ಎಣ್ಣೆ, ಈ ಮೂರರಲ್ಲೊಂದು ಕಾರಣ. ಈ ಮೂರರ ಪೈಕಿ ಪಂಪನ್ನು ಬದಲಿಸುವುದು ಎಲ್ಲಕ್ಕಿಂತ ಹೆಚ್ಚು ವೆಚ್ಚದ ಕೆಲಸವಾದುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ವಿವೇಕ.

೬

ಹಿಡಿದ ಗಾಳಿಯನ್ನು ತೆಗೆಯುವ ಕ್ರಮವು ಹೀಗೆ: ಮುಂಗಾಲಿಗಳನ್ನು ಎತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಬೇಕು. ಡಬ್ಬಿಗೆ, ಆ ವಾಹನಕ್ಕೆ ವಿಧಿಸಿದ ಎಣ್ಣೆಯನ್ನೇ ಗುರುತಿನವರೆಗೆ ತುಂಬಬೇಕು. ಎಂಜಿನ್ನನ್ನು ಚಾಲೂ ಮಾಡದೆ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮೆಲ್ಲಮೆಲ್ಲನೆ ಹದಿನೈದು ಇಪ್ಪತ್ತು ಸಲ ತಿರುಗಿಸಬೇಕು. ನಡುನಡುವೆ ಎಣ್ಣೆ ತಗ್ಗಿದಷ್ಟನ್ನೂ ತುಂಬುತ್ತಿರಬೇಕು. ಅನಂತರ ಎಂಜಿನ್ನನ್ನು ಮಂದವೇಗದಲ್ಲಿ ನಡೆಯಿಸಿ ಚಕ್ರವನ್ನು ಮತ್ತೆ ಮೆಲ್ಲನೆ ಆಡಿಸಬೇಕು. ಕೊನೆಯಲ್ಲಿ ಒತ್ತಿ ಹಿಡಿಯಬಾರದು. ನೊರೆ ಕಂಡರೆ ಎಂಜಿನ್ನನ್ನು ನಿಲ್ಲಿಸಿ, ಗುಳ್ಳೆಗಳು ತಾವಾಗಿ ಮೇಲೆದ್ದು ಒಡೆಯುವವರೆಗೆ ಕಾಯಬೇಕು. ಮೊದಲೇ ಎಂಜಿನ್ನನ್ನು ವೇಗವಾಗಿ ನಡೆಯಿಸಿದರೆ ಪಂಪು ದೊಡ್ಡ ಗುಳ್ಳೆಗಳನ್ನು ಕಡೆದು ನುಣ್ಣಗಿನ ನೊರೆಮಾಡುವುದು. ಮಜ್ಜಿಗೆಯ ನೊರೆಯಂತೆ ಅದು ಬೇಗ ಆರದು. ಈ ಕೆಲಸದಲ್ಲಿ ತಾಳ್ಮೆಯೇ ಮುಖ್ಯವಾದ ಉಪಕರಣ.

ಇಷ್ಟಾದ ಮೇಲೂ ಕೆಲವು ದಿನಗಳಲ್ಲಿ ನರಳುವ ಧ್ವನಿಯು ಮರಳಿದರೆ ಗಾಳಿಯು ಎಳೆಯಲ್ಪಡುತ್ತಿದೆಯೆಂದು ತಿಳಿಯಬೇಕು. ಆಗ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ವಾಹನದ ಕೆಳಗೆ ಬಗ್ಗಿ ಎಣ್ಣೆಯ ಕಲೆಯನ್ನು ಹುಡುಕುವುದು. ತೋಟದ ಪಂಪಿನ ವಿಷಯದಲ್ಲಿ ಕಂಡುಬಂದ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ: ಒತ್ತಡದ ಕೊಳವೆಯು ಸೋರಿದರೆ ಎಣ್ಣೆಯು ಹೊರಬೀಳುವುದು, ಹೀರುಕೊಳವೆಯು ಸೋರಿದರೆ ಗಾಳಿಯು ಒಳಹೋಗುವುದು. ಹುಡುಕಬೇಕಾದುದು ಡಬ್ಬಿಗೂ ಪಂಪಿಗೂ ನಡುವಣ ಗೇಣುದ್ದದ ಭಾಗವನ್ನು. ಹಳತಾಗಿ ಗಡುಸಾದ ರಬ್ಬರು ಕೊಳವೆ, ಸಡಿಲವಾದ ಕ್ಲಿಪ್ಪು, ಪಂಪಿನ ದಂಡದ ಸುತ್ತಲಿನ ಸವೆದ ಸೀಲು, ಇವೇ ಗಾಳಿಯು ಬರುವ ಬಾಗಿಲುಗಳು. ಎಂಜಿನ್ನು ನಿಂತಾಗ ಇಂಥ ಸಂದಿಯು ಸ್ವಲ್ಪ ಒದ್ದೆಯಾಗಬಹುದು, ಆಗದೆಯೂ ಇರಬಹುದು. ಎಂಜಿನ್ನು ಮಂದವಾಗಿ ನಡೆಯುತ್ತಿರುವಾಗ, ಬೆಲ್ಟಿಗೂ ಫ್ಯಾನಿಗೂ ಕೈ ಸಿಕ್ಕದಂತೆ ಎಚ್ಚರವಹಿಸಿ, ಹೀರುವ ಕಡೆಯ ಒಂದೊಂದು ಸಂದಿಗೂ ಗ್ರೀಸನ್ನು ದಪ್ಪವಾಗಿ ಬಳಿಯುತ್ತ ಬರಬೇಕು. ಯಾವ ಸಂದಿಗೆ ಬಳಿದಾಗ ನರಳುವ ಧ್ವನಿಯು ತಗ್ಗುವುದೋ ಅಲ್ಲಿಯೇ ದೋಷ. ಗ್ರೀಸು ಇಲ್ಲಿ ಮಾಡುವುದು ಪಂಪಿನ ಸಂದಿಯಲ್ಲಿ ಹಸಿಸೆಗಣಿಯು ಮಾಡುವ ಕೆಲಸವನ್ನೇ. ಒತ್ತಡದ ಕಡೆಯ ಕೊಳವೆಯನ್ನು ಮಾತ್ರ ನಡೆಯುತ್ತಿರುವ ಎಂಜಿನ್ನಿನಲ್ಲಿ ಬರಿಗೈಯಿಂದ ತಡವಿ ನೋಡಕೂಡದು. ಸೂಕ್ಷ್ಮರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಕ್ಕು ಘೋರವಾದ ಗಾಯವನ್ನು ಮಾಡಬಲ್ಲದು.

ಹೊರಗಿನಿಂದ ಯಾವ ಬಾಗಿಲೂ ಇಲ್ಲದೆ ಗಾಳಿಯು ಒಳಗೇ ಹುಟ್ಟುವುದೂ ಉಂಟು. ಖನಿಜತೈಲವು ವಾಯುಮಂಡಲದ ಒತ್ತಡದಲ್ಲಿ ತನ್ನ ಗಾತ್ರದ ಶೇಕಡಾ ೯ರಷ್ಟು ಗಾಳಿಯನ್ನು ಕರಗಿಸಿ ಇಟ್ಟುಕೊಂಡಿರುತ್ತದೆ. ಕರಗಿದ ಗಾಳಿಯಿಂದ ತೊಂದರೆಯಿಲ್ಲ. ಅದು ಕಣ್ಣಿಗೂ ಕಾಣದು. ಆದರೆ ಡಬ್ಬಿಯ ಜಾಲರಿಯು ಕಸದಿಂದ ಕಟ್ಟಿಕೊಂಡು ಹೀರುವ ಕಡೆಯ ಒತ್ತಡವು ಅರ್ಧಕ್ಕೆ ಇಳಿಯಿತೆಂದರೆ, ಕರಗಿದ ಗಾಳಿಯಲ್ಲಿ ಅರ್ಧಪಾಲು ಗುಳ್ಳೆಗಳಾಗಿ ಹೊರಬೀಳಲು ತೊಡಗುವುದು. ಪಂಪಿನ ಒತ್ತಡಕ್ಕೆ ಸಿಕ್ಕಿ ಗುಳ್ಳೆಗಳು ಕುಸಿಯುವಾಗ ಲೋಹವನ್ನೂ ಕ್ರಮೇಣ ಕೊರೆಯುತ್ತವೆ. ಪಂಪು ಕೆಟ್ಟಿದ್ದರಿಂದ ಗಾಳಿ ಬಂದಿತೆಂದು ತಿಳಿಯುವ ಹಲವು ಸಂದರ್ಭಗಳಲ್ಲಿ ವಸ್ತುತಃ ಗಾಳಿ ಬಂದುದರಿಂದ ಪಂಪು ಕೆಟ್ಟಿರುವುದು. ಹೊಸ ಪಂಪನ್ನು ಕೂರಿಸಿ ಹಳೆಯ ಕೊಳವೆಯನ್ನೂ ಜಾಲರಿಯನ್ನೂ ಹಾಗೆಯೇ ಬಿಟ್ಟರೆ ಹೊಸದಕ್ಕೂ ಹಳೆಯದರ ಗತಿಯೇ.

೭

ಇಷ್ಟನ್ನು ಓದಿದವರಿಗೆ ಗಾಳಿಯು ಯಂತ್ರಗಳ ವೈರಿಯೆಂದು ತೋರಬಹುದು. ಹಾಗೆ ತಿಳಿಯುವುದು ಸರಿಯಲ್ಲ. ಅಡಕೆಯ ಕೊಳೆರೋಗದ ಕಾರಣವನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶೋಧಿಸಿ, ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದ ಮೇಲೆ, ಮಳೆಗಾಲದ ಹೊಸ್ತಿಲಲ್ಲಿ ಅಡಕೆಗೆ ‘ಮದ್ದು ಬಿಡುವುದು’ ಈ ಸೀಮೆಯ ಕೃಷಿಯ ಅಂಗವೇ ಆಗಿದೆ. ೧೦೦ ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಇದು ಅದರ ಪ್ರಮಾಣ. ಕೈಯಿಂದ ಆಡಿಸುವ ಮದ್ದಿನ ಪಂಪು ಒಂದೊಂದು ಏಟಿಗೆ ಒಂದೊಂದು ಸಲ ಮಾತ್ರ ದ್ರಾವಣವನ್ನು ದೂಡುತ್ತದೆ. ಆದರೆ ಮರದ ತುದಿಯಲ್ಲಿ ಅದು ಎಡೆಬಿಡದೆ ಸಿಂಪಡಿಸಲ್ಪಡುತ್ತದೆ. ಪಂಪಿನ ಮೈಯಲ್ಲಿರುವ ಗಾಳಿಯ ಅಂಡೆಯೇ ಇದಕ್ಕೆ ಕಾರಣ. ದೂಡುವ ಏಟಿನಲ್ಲಿ ಅಂಡೆಯ ಗಾಳಿಯು ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಮರಳುವ ಏಟಿನಲ್ಲಿ ಹಿಗ್ಗಿ ಅದನ್ನು ಕೊಡುತ್ತದೆ. ಸ್ಟಿಯರಿಂಗಿನಲ್ಲಿ ದೋಷವಾದ ಗುಣವೇ ಇಲ್ಲಿ ಉಪಕಾರವಾಗಿದೆ.

ಬಸ್ಸು ಲಾರಿಗಳಲ್ಲಿಯೇ ಇದರ ಇನ್ನೊಂದು ನಿದರ್ಶನವಿದೆ. ಅವುಗಳ ಬ್ರೇಕುಗಳು ಒತ್ತಿ ತುಂಬಿದ ಗಾಳಿಯಿಂದ ನಡೆಯುತ್ತವೆ. ಅಲ್ಲಿ ಹೊರಗಿನವನು ಗಾಳಿಯಲ್ಲ, ನೀರು. ತೇವಭರಿತವಾದ ಮಳೆಗಾಲದ ಗಾಳಿಯನ್ನು ಒತ್ತಿದಾಗ ಅದರಲ್ಲಿಯ ಆವಿಯು ನೀರಾಗಿ ತೊಟ್ಟಿಯ ತಳದಲ್ಲಿ ಸೇರುವುದರಿಂದ, ಅದನ್ನು ಆಗಾಗ ಬಸಿದು ತೆಗೆಯಬೇಕಾಗುತ್ತದೆ. ಒಂದೇ ಬಸ್ಸಿನಲ್ಲಿ ಸ್ಟಿಯರಿಂಗಿನ ಎಣ್ಣೆಯಿಂದ ಗಾಳಿಯನ್ನು ತೆಗೆಯಬೇಕು, ಬ್ರೇಕಿನ ಗಾಳಿಯಿಂದ ನೀರನ್ನು ತೆಗೆಯಬೇಕು.

ಕಾರು ಜೀಪುಗಳ ಬ್ರೇಕುಗಳು ದ್ರವದಿಂದ ನಡೆಯತಕ್ಕವು. ಆ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ ೩ ಎಂಬ ವರ್ಗದ ದ್ರವವು ಹೊಸದಾಗಿದ್ದಾಗ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೂ ಕುದಿಯಬಾರದೆಂಬುದು ವಿಧಿ. ಶೇಕಡಾ ಮೂರು ನಾಲ್ಕರಷ್ಟು ನೀರನ್ನು ಹೀರಿಕೊಂಡ ಮೇಲೆ ಅದಕ್ಕೆ ವಿಧಿಸಿದ ಮಿತಿಯು ೧೪೦ ಡಿಗ್ರಿ ಮಾತ್ರ. ಸಂಪಾಜೆಯ ಕಡೆಗೋ ಗುಂಡ್ಯದ ಕಡೆಗೋ ಘಟ್ಟವನ್ನು ಇಳಿಯುತ್ತ ಬ್ರೇಕನ್ನು ಒತ್ತಿಯೇ ಹಿಡಿದರೆ ದ್ರವವು ಕಾದು ಕುದಿದು ಆವಿಯ ಗುಳ್ಳೆಗಳು ಹುಟ್ಟಬಹುದು. ಆಗ ಪೆಡಲು ಮೆತ್ತಗಾಗಿ ಕಾಲಿನಡಿ ಇಳಿದುಹೋಗುವುದು, ಗಾಡಿಯು ನಿಲ್ಲದು. ಇಳಿಜಾರಿನಲ್ಲಿ ಕೆಳಗಿನ ಗಿಯರಿನಲ್ಲಿಯೇ ಬರಬೇಕೆಂಬ ಮಾತಿಗೂ, ಬ್ರೇಕಿನ ದ್ರವವನ್ನು ಕಾಲಕಾಲಕ್ಕೆ ಬದಲಿಸಬೇಕೆಂಬ ಮಾತಿಗೂ ಇದೇ ಆಧಾರ. ಬ್ರೇಕಿನ ದ್ರವವನ್ನು ಸ್ಟಿಯರಿಂಗಿಗೂ ಸ್ಟಿಯರಿಂಗಿನ ಎಣ್ಣೆಯನ್ನು ಬ್ರೇಕಿಗೂ ಎಂದೂ ಹಾಕಕೂಡದು; ಒಂದಕ್ಕೆ ಒಗ್ಗಿದ ರಬ್ಬರಿನ ಸೀಲು ಇನ್ನೊಂದರಲ್ಲಿ ಕೆಡುತ್ತದೆ.

೮

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳುವ ಪ್ರಯತ್ನವು ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ಪುತ್ತೂರನ್ನೇ ಬಹುಕಾಲ ತಮ್ಮ ನೆಲೆಯನ್ನಾಗಿ ಮಾಡಿಕೊಂಡಿದ್ದ ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ವನ್ನೂ, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ಪರಿಭಾಷೆಯ ಚರ್ಚೆಯು ನಡೆದಾಗಲೆಲ್ಲ ನಾಮಪದಗಳಿಗೆ ಹೆಚ್ಚು ಗಮನವು ಸಂದಿದೆ: ಪಂಪಿಗೆ ಏನೆನ್ನಬೇಕು, ವಾಲ್ವಿಗೆ ಏನೆನ್ನಬೇಕು ಎಂಬುದು. ನಾಮಪದಗಳು ಯಂತ್ರದೊಡನೆ ಬರುತ್ತವೆ. ಅವನ್ನು ಹಾಗೆಯೇ ಸ್ವೀಕರಿಸಿದರೂ ಬಾಧಕವಿಲ್ಲ. ಯಂತ್ರದ ಕ್ರಿಯೆಯನ್ನು ತಿಳಿಸತಕ್ಕವು ಕ್ರಿಯಾಪದಗಳು. ಹಿಡಿ, ಎಳೆ, ಹೀರು, ದೂಡು, ಕುಗ್ಗು, ಹಿಗ್ಗು, ಬಸಿ ಎಂಬ ಅಚ್ಚಗನ್ನಡದ ಧಾತುಗಳಿಂದಲೇ ಮೇಲಿನ ವಿಷಯವನ್ನೆಲ್ಲ ಹೇಳುವುದು ಸಾಧ್ಯವಾಗಿದೆ. ಅವುಗಳ ಅರ್ಥಭೇದವನ್ನು ಕಾಪಾಡಿಕೊಳ್ಳುವುದು ಭಾಷೆಯನ್ನು ಕಲಿಸುವವರ ಕರ್ತವ್ಯ. ‘ಎಳೆ’ ಎಂಬ ಮಾತಿನಲ್ಲಿರುವ ಭ್ರಾಂತಿಯನ್ನು ವಿದ್ಯಾರ್ಥಿಗೆ ತಿಳಿಸಿ, ನೀರನ್ನು ದೂಡುವ ವಾಯುಮಂಡಲವನ್ನು ಅವನಿಗೆ ತೋರಿಸಿಕೊಟ್ಟರೆ, ಪಂಪಿನ ಸೆಗಣಿಯೂ ಸ್ಟಿಯರಿಂಗಿನ ಗ್ರೀಸೂ ಒಂದೇ ನಿಯಮದ ಎರಡು ರೂಪಗಳೆಂಬುದು ಅವನಿಗೆ ತಾನಾಗಿ ಹೊಳೆಯುವುದು.

ಒಟ್ಟಿನಲ್ಲಿ ಹೇಳತಕ್ಕದ್ದು ಇಷ್ಟು: ದ್ರವದಿಂದ ನಡೆಯುವ ಯಂತ್ರವು ತಡವರಿಸಿದಾಗ ಮೊದಲು ಗಾಳಿಯು ಸೇರಿದೆಯೇ ಎಂಬುದನ್ನು ಗೊತ್ತುಮಾಡಬೇಕು, ಸೇರಿದ್ದರೆ ಅದು ಹಿಡಿದ ಗಾಳಿಯೋ ಎಳೆಯುತ್ತಿರುವ ಗಾಳಿಯೋ ಎಂಬುದನ್ನು ಬೇರ್ಪಡಿಸಬೇಕು, ಎಳೆಯುತ್ತಿರುವುದಾದರೆ ಒದ್ದೆಯಾದ ಸ್ಥಳವನ್ನು ಬಿಟ್ಟು ಹೀರುವ ಕಡೆಯ ಒಣಗಿದ ಸಂದಿಯನ್ನು ಪರೀಕ್ಷಿಸಬೇಕು. ಹೊಳೆಯ ದಡದ ಪಂಪಿಗೂ ಘಟ್ಟವನ್ನೇರುವ ಬಸ್ಸಿಗೂ ಈ ಕ್ರಮವು ಸಮಾನವಾಗಿ ಸಲ್ಲುತ್ತದೆ.